ಜೈನ ವೈದ್ಯಗ್ರಂಥಗಳ ಶರೀರಪರಿಭಾಷೆ: ಅರ್ಥನಿರ್ಣಯದ ಕೆಲವು ಅಂಶಗಳು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯು ಜೈನವಿದ್ಯೆಗೆ ಬಹುಕಾಲ ಆಶ್ರಯವಿತ್ತ ನೆಲವಾಗಿದೆ. ಶಿರಸಿ ತಾಲ್ಲೂಕಿನ ಸ್ವಾದಿಯ ದಿಗಂಬರ ಜೈನಮಠವೂ ಸಿದ್ದಾಪುರ ತಾಲ್ಲೂಕಿನ ಬಿಳಗಿಯ ರತ್ನತ್ರಯ ಬಸದಿಯೂ ಇದಕ್ಕೆ ಸಾಕ್ಷಿ. ಘಟ್ಟದ ಕೆಳಗೆ, ನಗಿರೆಯ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿಯು 16ನೆಯ ಶತಮಾನದಲ್ಲಿ ‘ವೈದ್ಯಸಾಂಗತ್ಯ’ವನ್ನು ರಚಿಸಿದನು. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’, ಶ್ರೀಧರದೇವನ ‘ವೈದ್ಯಾಮೃತ’ ಇವು ಇದೇ ಪರಂಪರೆಯ ಕನ್ನಡ ಕೃತಿಗಳು. ದ್ವಾದಶಾಂಗದ ಪ್ರಾಣಾವಾಯ ಪೂರ್ವವನ್ನು ಈ ಪರಂಪರೆಯು ತನ್ನ ಮೂಲವೆಂದು ಹೇಳಿಕೊಳ್ಳುತ್ತದೆ.

ಇಂತಹ ಗ್ರಂಥಗಳ ಓಲೆಪ್ರತಿಗಳನ್ನು ಓದುವವರಿಗೆ ಎದುರಾಗುವ ಮುಖ್ಯ ತೊಡಕು ಅಪರಿಚಿತ ಶಬ್ದಗಳದ್ದಲ್ಲ, ಪರಿಚಿತ ಶಬ್ದಗಳದ್ದು. ಅಪರಿಚಿತ ಶಬ್ದ ಬಂದಾಗ ಓದುಗನು ನಿಘಂಟನ್ನು ತೆರೆಯುತ್ತಾನೆ. ಪರಿಚಿತ ಶಬ್ದ ಬಂದಾಗ ಇಂದಿನ ಅರ್ಥವನ್ನೇ ಹಚ್ಚಿ ಮುಂದೆ ಸಾಗುತ್ತಾನೆ.

‘ಗುಲ್ಮ’ ಶಬ್ದವು ಇದಕ್ಕೆ ಉತ್ತಮ ನಿದರ್ಶನ. ಇಂದಿನ ಕನ್ನಡದಲ್ಲಿ ಗುಲ್ಮವೆಂದರೆ ಹೊಟ್ಟೆಯ ಎಡಭಾಗದಲ್ಲಿರುವ ಒಂದು ಅವಯವ. ವೈದ್ಯಶಾಸ್ತ್ರದಲ್ಲಿ ಆ ಅವಯವಕ್ಕೆ ‘ಪ್ಲೀಹ’ ಎಂದು ಹೆಸರು. ಗುಲ್ಮವಾದರೋ ಉದರದಲ್ಲಿ ಗಂಟಿನಂತೆ ತೋರುವ ಒಂದು ರೋಗ, ವಾತಾದಿ ಭೇದದಿಂದ ಐದು ವಿಧ. ಆದುದರಿಂದ ‘ಗುಲ್ಮಹರ’ವೆಂದು ಹೇಳಿದ ಯೋಗವನ್ನು ಪ್ಲೀಹದ ಔಷಧವೆಂದು ವಿವರಿಸಿದರೆ ರೋಗವೇ ಬೇರೆಯಾಗುತ್ತದೆ.

‘ಸ್ನಾಯು’ವಿನ ಸ್ಥಿತಿಯೂ ಇದೇ. ಇಂದಿನ ಪಠ್ಯಪುಸ್ತಕಗಳಲ್ಲಿ ಅದು ಮಾಂಸಖಂಡಕ್ಕೆ ಸಲ್ಲುತ್ತದೆ. ಸುಶ್ರುತನು ಸ್ನಾಯುಗಳನ್ನು 900 ಎಂದೂ ಪೇಶಿಗಳನ್ನು 500 ಎಂದೂ ಪ್ರತ್ಯೇಕವಾಗಿ ಎಣಿಸಿದ್ದಾನೆ. ಅವನಲ್ಲಿ ಮಾಂಸಖಂಡಕ್ಕೆ ಸಲ್ಲುವ ಶಬ್ದ ಪೇಶಿ, ಸ್ನಾಯುವಾದರೋ ಎಲುಬು ಕೀಲುಗಳನ್ನು ಬಿಗಿದು ಕಟ್ಟುವ ತಂತು. ಹಾಗೆಯೇ ಅವನು ಸಿರೆಗಳನ್ನು 700, ಧಮನಿಗಳನ್ನು 24 ಎಂದಿದ್ದಾನೆ. ಇಂದಿನ ಅಪಧಮನಿ, ಅಭಿಧಮನಿಗಳ ವಿಭಾಗವನ್ನು ಈ ಎಣಿಕೆಯ ಮೇಲೆ ಹೊರಿಸುವುದು ಯುಕ್ತವಲ್ಲ.

‘ರಸ’ ಶಬ್ದಕ್ಕೆ ಪ್ರಕರಣವೇ ಗತಿ. ಸಪ್ತಧಾತುಗಳಲ್ಲಿ ಅದು ಮೊದಲನೆಯ ಧಾತು, ದ್ರವ್ಯಗುಣದಲ್ಲಿ ಮಧುರಾದಿ ಆರು ರುಚಿ, ರಸತಂತ್ರದಲ್ಲಿ ಪಾದರಸ. ‘ರಸವನ್ನು ಶೋಧಿಸಿ’ ಎಂಬಲ್ಲಿ ಸೊಪ್ಪಿನ ರಸವೆಂದು ತಿಳಿದರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ.

ಆಗಮಗಳ ಶರೀರಪರಿಭಾಷೆಯೂ ಇಲ್ಲಿ ಪ್ರಸ್ತುತವೇ. ನಾಮಕರ್ಮದ ಪ್ರಕರಣದಲ್ಲಿ ಬರುವ ಆರು ಸಂಹನನಗಳು ಅಸ್ಥಿಬಂಧದ ತಾರತಮ್ಯವನ್ನು ಹೇಳುತ್ತವೆ. ವಜ್ರವೃಷಭನಾರಾಚದಲ್ಲಿ ‘ವೃಷಭ’ವೆಂದರೆ ಎತ್ತಲ್ಲ, ಸುತ್ತಿದ ವೇಷ್ಟನ, ‘ನಾರಾಚ’ವೆಂದರೆ ಬಾಣವಲ್ಲ, ಕೀಲ. ಕರ್ಮಶಾಸ್ತ್ರದ ಈ ವಿವೇಚನೆಯನ್ನು ಚಿಕಿತ್ಸಾಗ್ರಂಥದ ಅಸ್ಥಿಗಣನೆಯೊಡನೆ ಬೆರೆಸಲಾಗದು. ಒಂದರ ಉದ್ದೇಶ ಕರ್ಮಫಲನಿರೂಪಣೆ, ಇನ್ನೊಂದರದು ರೋಗನಿವಾರಣೆ.

ಅರ್ಥದೋಷಕ್ಕೆ ಲಿಪಿದೋಷವೂ ಸೇರುವುದುಂಟು. ಓಲೆಪ್ರತಿಗಳಲ್ಲಿ ಮಹಾಪ್ರಾಣದ ಗೆರೆ ಅನೇಕ ಕಡೆ ಬಿಟ್ಟುಹೋಗಿರುತ್ತದೆ. ಆಗ ‘ಫಲ’ವು ‘ಪಲ’ವಾಗಿ ಕಾಣುತ್ತದೆ. ಪಲವು ನಾಲ್ಕು ಕರ್ಷಗಳ ತೂಕ. ಇಂದಿನ ಆಯುರ್ವೇದ ಮಾನದಲ್ಲಿ ಸುಮಾರು 48 ಗ್ರಾಂ. ‘ಎರಡು ಫಲ’ವೆಂಬುದು ‘ಎರಡು ಪಲ’ವಾದರೆ ಎಣಿಕೆಯ ಕಾಯಿಗಳು ತೂಕವಾಗಿಬಿಡುತ್ತವೆ. ವಿಷಚಿಕಿತ್ಸೆಯ ಗ್ರಂಥದಲ್ಲಿ ಇಂತಹ ಸ್ಖಾಲಿತ್ಯವು ಪ್ರಾಣಕ್ಕೇ ಸಂಬಂಧಿಸಿದ್ದು.

ದ್ರವ್ಯನಾಮಗಳಲ್ಲಿ ದೇಶ್ಯಪರಿಚಯವು ಅಗತ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡುಗಳಲ್ಲಿ ಮುರುಗಲು, ಉಪ್ಪಾಗೆ ಎರಡೂ ಬೆಳೆಯುತ್ತವೆ. ಎರಡೂ ಹುಳಿ, ಎರಡೂ ಒಂದೇ ಕುಲದವು, ಆದರೆ ಮರಗಳು ಬೇರೆ. ‘ವೃಕ್ಷಾಮ್ಲ’ವೆಂಬುದು ಮುರುಗಲಿಗೆ ಸಲ್ಲುವ ಹೆಸರು. ಹುಳಿಯೆಂಬ ಸಾಮ್ಯದಿಂದಲೇ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಾರದು. ಇಂತಹ ವಿವೇಕಕ್ಕೆ ಸ್ಥಳೀಯ ನಾಟಿವೈದ್ಯರ ಮಾತು ಕೋಶದಷ್ಟೇ ಪ್ರಮಾಣ.

ಇನ್ನೊಂದು ಪರೀಕ್ಷೆಯು ಈ ಪರಂಪರೆಗೇ ವಿಶಿಷ್ಟವಾದುದು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಮಾಂಸಭಕ್ಷಣವನ್ನು ಖಂಡಿಸಿದ್ದಾನೆ, ಸೋಮನಾಥನ ಕೃತಿಯೂ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದೆ. ಆದುದರಿಂದ ಇಂತಹ ಗ್ರಂಥದ ಪ್ರತಿಯಲ್ಲಿ ‘ಮಧು’ವೆಂಬ ಪಾಠ ಕಂಡುಬಂದಲ್ಲಿ, ಅದು ಜೇನೋ, ‘ಮಧುಕ’ದ ಲೋಪವೋ, ಲಿಪಿಕಾರನ ಪ್ರಕ್ಷೇಪವೋ ಎಂದು ವಿಚಾರಿಸಬೇಕು. ಹಾಗೆಂದು ಸಿದ್ಧಾಂತಾನುರೋಧದಿಂದ ಪಾಠವನ್ನೇ ತಿದ್ದುವುದು ಸಂಪಾದಕನ ಧರ್ಮವಲ್ಲ. ಪ್ರತಿಯಲ್ಲಿದ್ದುದನ್ನು ಇದ್ದಂತೆಯೇ ಮುದ್ರಿಸಿ, ಊಹೆಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದೇ ಉಚಿತ.

ಒಟ್ಟಿನಲ್ಲಿ ಪ್ರಕರಣ, ಸಮಾನಗ್ರಂಥ, ಲಿಪಿ, ದೇಶ್ಯರೂಢಿ ಈ ನಾಲ್ಕನ್ನೂ ನೋಡಿದ ಬಳಿಕವೇ ಶಬ್ದಾರ್ಥವನ್ನು ನಿಶ್ಚಯಿಸುವುದು ಕ್ಷೇಮಕರ. ಕಾವ್ಯದಲ್ಲಿ ತಪ್ಪಿದ ಅರ್ಥವು ರಸಭಂಗವನ್ನು ಮಾತ್ರ ಉಂಟುಮಾಡೀತು. ವೈದ್ಯಗ್ರಂಥದಲ್ಲಿ ತಪ್ಪಿದ ಅರ್ಥವು ರೋಗಿಯ ದೇಹವನ್ನೇ ಮುಟ್ಟುತ್ತದೆ.