ಮಳೆಗಾಲದ ತೋಟದ ರಸ್ತೆಗೆ ತಕ್ಕ ಟಯರು

ಅಡಿಕೆಗೆ ಔಷಧಿ ಹೊಡೆಯುವ ಕಾಲವೂ ತೋಟದ ರಸ್ತೆ ಕೆಸರಾಗುವ ಕಾಲವೂ ಒಂದೇ ಎಂಬುದು ಬೆಳೆಗಾರರೆಲ್ಲರಿಗೂ ತಿಳಿದ ವಿಷಯ. ಮುಂಗಾರು ಹಿಡಿಯುವ ಹೊತ್ತಿಗೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ, ಅದಾದ 40-45 ದಿನಕ್ಕೆ ಎರಡನೆಯದು. ಮೈಲುತುತ್ತ, ಸುಣ್ಣ, ಪಂಪು, ಪೈಪು ಎಲ್ಲವೂ ಆ ಜಾರು ನೆಲದ ಮೇಲೆಯೇ ತೋಟ ಸೇರಬೇಕು. ಗಾಡಿ ಕೆಸರಿನಲ್ಲಿ ಹೂತು ಎರಡು ದಿನ ನಿಂತರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇಳಿಜಾರಿನಲ್ಲಿ ಜಾರುವ ಗಾಡಿಯೊಳಗೆ ಇರುವವರು ನಮ್ಮ ಮನೆಯವರು, ನಮ್ಮ ಕಾರ್ಮಿಕರು. ಹೀಗಿದ್ದರೂ ಟಯರಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಬೆಲೆ ಎಷ್ಟು, ಎಷ್ಟು ಕಿಲೋಮೀಟರು ಬಾಳುತ್ತದೆ ಎಂಬ ಎರಡೇ ಪ್ರಶ್ನೆ. ಯಾವ ನೆಲದ ಮೇಲೆ ಓಡಬೇಕು ಎಂಬುದೇ ಮೊದಲ ಪ್ರಶ್ನೆಯಾಗಬೇಕೆಂದು ನಾವು ಇಲ್ಲಿ ವಿವರಿಸಬಯಸುತ್ತೇವೆ.

ಹಲ್ಲು ಮತ್ತು ಸಂದು

ಟಯರಿನ ಮೈಮೇಲಿರುವ ರಬ್ಬರಿನ ಹಲ್ಲುಗಳನ್ನು ನಮ್ಮ ಚಾಲಕರು ಬಟನ್ ಎನ್ನುತ್ತಾರೆ. ಕೆಸರಿನಲ್ಲಿ ಈ ಹಲ್ಲುಗಳಷ್ಟೇ ಮುಖ್ಯವಾದುದು ಅವುಗಳ ನಡುವಿನ ಸಂದು. ಸಂದು ಕಿರಿದಾಗಿದ್ದರೆ ನಮ್ಮ ಅಂಟು ಮಣ್ಣು ಅಲ್ಲಿ ತುಂಬಿಕೊಂಡು, ಹೊಸ ಟಯರು ಕೂಡ ಸವೆದ ಟಯರಿನಂತೆ ನುಣುಪಾಗುತ್ತದೆ. ಸಂದು ಅಗಲವಾಗಿ, ಅಂಚಿನ ಕಡೆಗೆ ತೆರೆದುಕೊಂಡಿದ್ದರೆ ಚಕ್ರ ತಿರುಗುವಾಗ ಮಣ್ಣು ತಾನಾಗಿ ಸಿಡಿದು ಹೋಗುತ್ತದೆ. ಆದುದರಿಂದ ಕೆಸರಿಗೆ ದೊಡ್ಡ ಹಲ್ಲು, ಆಳವಾದ ಅಗಲ ಸಂದು ಬೇಕು.

ಟಯರಿನ ಬದಿಯಲ್ಲಿ ‘ಎಂ ಪ್ಲಸ್ ಎಸ್’ ಎಂಬ ಗುರುತು ಕಂಡು, ಇದು ಕೆಸರಿನ ಟಯರೆಂದು ಕೊಳ್ಳುವವರುಂಟು. ಕೆಸರು ಮತ್ತು ಹಿಮ ಎಂಬುದು ಆ ಅಕ್ಷರಗಳ ಅರ್ಥವೇನೋ ನಿಜ. ಆದರೆ ಅದು ಟಯರಿನ ಹಲ್ಲಿನ ವಿನ್ಯಾಸವನ್ನು ಕುರಿತ ಗುರುತೇ ಹೊರತು ಕೆಸರಿನಲ್ಲಿ ಪರೀಕ್ಷಿಸಿದ್ದಕ್ಕೆ ಸಾಕ್ಷಿಯಲ್ಲ. ವಾಸ್ತವವಾಗಿ ಹಿಮಕ್ಕೂ ಕೆಸರಿಗೂ ಬೇಕಾದ ಗುಣ ಬೇರೆ ಬೇರೆ. ಹಿಮ ಹಿಮಕ್ಕೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಕೆನಡಾದಂಥ ದೇಶಗಳಲ್ಲಿ ಚಳಿಗಾಲದ ಟಯರು ತನ್ನ ಸಂದುಗಳಲ್ಲಿ ಸ್ವಲ್ಪ ಹಿಮವನ್ನು ಹಿಡಿದಿಟ್ಟುಕೊಳ್ಳುವಂತಿರುತ್ತದೆ, ಹಲ್ಲುಗಳ ಮೇಲೆ ಕೂದಲೆಳೆಯಂಥ ಸಣ್ಣ ಸೀಳುಗಳಿರುತ್ತವೆ, ರಬ್ಬರು ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿದ್ದರೆ ಅದು ಹಿಮದ ಮೇಲೆ ಪರೀಕ್ಷೆಯಾದ ಟಯರು ಎಂದರ್ಥ. ಅಂಥ ಟಯರು ನಮ್ಮ ಬೇಸಿಗೆಯ ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಅಲ್ಲಿ ಹಿಡಿದಿಡಬೇಕು, ಇಲ್ಲಿ ಎಸೆಯಬೇಕು. ಇಷ್ಟು ನೆನಪಿದ್ದರೆ ಸಾಕು. ಗುರುತು ನೋಡಿ ಮೋಸಹೋಗದೆ ಹಲ್ಲನ್ನು ಕೈಯಾರೆ ಮುಟ್ಟಿ ನೋಡಿ ಕೊಳ್ಳಿ.

ಅಗಲವೋ, ಕಿರಿದೋ

ಅಗಲ ಟಯರು ನೋಡಲು ಚೆಂದ. ಆದರೆ ನಮ್ಮ ಬಹುತೇಕ ತೋಟದ ರಸ್ತೆಗಳಲ್ಲಿ ಮೇಲೆ ನಾಲ್ಕು ಬೆರಳು ಜಾರು ಮಣ್ಣು, ಕೆಳಗೆ ಗಟ್ಟಿ ನೆಲ. ಇಂಥಲ್ಲಿ ಕಿರಿದಾದ ಟಯರು ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲದ್ದು ಮೇಲೆಯೇ ತೇಲಿ ಜಾರುತ್ತದೆ. ಹಳೆಯ ಜೀಪುಗಳ 6.00-16 ಅಳತೆಯ ಕಿರಿದಾದ ಟಯರು ಮಲೆನಾಡಿನಲ್ಲಿ ಹೆಸರು ಮಾಡಿದ್ದಕ್ಕೆ ಇದೂ ಒಂದು ಕಾರಣ. ಗದ್ದೆ ಬಯಲಿನಂತೆ ತಳವೇ ಸಿಗದ ಹುದುಲಿದ್ದರೆ ಮಾತ್ರ ಅಗಲ ಟಯರು ಮೇಲು. ಹಿಮದಲ್ಲಿಯೂ ಇದೇ ನ್ಯಾಯ: ತೆಳು ಹಿಮಕ್ಕೆ ಕಿರಿದು, ಆಳ ಹಿಮಕ್ಕೆ ಅಗಲ.

ದಿಕ್ಕಿನ ವಿಚಾರವನ್ನೂ ಗಮನಿಸಬೇಕು. ಕೆಲವು ಟಯರುಗಳ ಬದಿಯಲ್ಲಿ ಬಾಣದ ಗುರುತಿರುತ್ತದೆ; ಅವು ಮುಂದಕ್ಕೆ ಹೋಗುವಾಗ ಚೆನ್ನಾಗಿ ಹಿಡಿಯುತ್ತವೆ, ಹಿಂದಕ್ಕೆ ಬರುವಾಗ ಅಷ್ಟು ಹಿಡಿಯವು. ಎರಡನೆಯ ಮಹಾಯುದ್ಧದ ಕಾಲದಿಂದ ಜೀಪುಗಳಿಗೆ ಬಂದ ದಿಕ್ಕಿಲ್ಲದ ಹಲ್ಲಿನ ಟಯರು ಎರಡೂ ಕಡೆ ಸಮನಾಗಿ ಎಳೆಯುತ್ತದೆ. ಗಾಡಿ ತಿರುಗಿಸಲು ಜಾಗವಿಲ್ಲದ ತೋಟಗಳಿಗೆ ಇದು ಅನುಕೂಲ. ಆದರೆ ತೀರ ಅಂಟು ಮಣ್ಣಿನಲ್ಲಿ ಬೇಗ ಮುಚ್ಚಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟಯರನ್ನು ಹಿಂದಿನಿಂದ ನೋಡಿದಾಗ ಹಲ್ಲುಗಳ ಮೊನೆ ಮೇಲ್ಮುಖವಾಗಿರಬೇಕು. ಪಂಕ್ಚರ್ ಹಾಕಿಸಿದ ಮೇಲೆ ಇದನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಗಾಳಿ ಮತ್ತು ಸರಪಳಿ

ಕಾಸು ಖರ್ಚಿಲ್ಲದ ಉಪಾಯವೆಂದರೆ ಗಾಳಿ ಇಳಿಸುವುದು. ಗಾಳಿ ಕಡಿಮೆಯಾದಾಗ ಟಯರು ನೆಲದ ಮೇಲೆ ಉದ್ದಕ್ಕೆ ಒರಗಿ ಹೆಚ್ಚು ಹಲ್ಲುಗಳು ಕಚ್ಚುತ್ತವೆ. 30 ಪೌಂಡು ಗಾಳಿಯಲ್ಲಿ ಓಡುವ ಖಾಲಿ ಜೀಪಿಗೆ ಕೆಸರಿನಲ್ಲಿ 20 ಪೌಂಡಿನಷ್ಟು ಸಾಕು. ಆದರೆ ಮೂರು ಎಚ್ಚರಿಕೆಗಳುಂಟು. ಹೊರೆ ತುಂಬಿದ ಪಿಕಪ್ಪಿಗೆ ಹೀಗೆ ಮಾಡಬಾರದು. ಟ್ಯೂಬ್ ಇರುವ ಟಯರಿಗೆ ತೀರ ಇಳಿಸಿದರೆ ಟಯರು ರಿಮ್ಮಿನ ಮೇಲೆ ಜಾರಿ ವಾಲ್ವು ಕಿತ್ತುಬರುತ್ತದೆ. ಡಾಂಬರು ರಸ್ತೆ ಸೇರುವ ಮೊದಲು ಮತ್ತೆ ಗಾಳಿ ತುಂಬಲೇಬೇಕು. ಇಲ್ಲವಾದರೆ ಟಯರು ಕಾದು ಸಿಡಿಯಬಹುದು. ಕಾಲಿನಿಂದ ಒತ್ತುವ ಪಂಪು ಮತ್ತು ಗಾಳಿ ಅಳೆಯುವ ಗೇಜು ಗಾಡಿಯಲ್ಲಿಯೇ ಇರಲಿ.

ಮಳೆಗಾಲದಲ್ಲಿ ನಮ್ಮ ಜೀಪುಗಳು ಟಯರಿಗೆ ಸುತ್ತಿಕೊಳ್ಳುವ ಸರಪಳಿ ಹುಟ್ಟಿದ್ದು ದೂರದ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿನ ಹ್ಯಾರಿ ವೀಡ್ ಎಂಬಾತ, ಜನರು ಚಕ್ರಗಳಿಗೆ ಹಗ್ಗ, ಬಳ್ಳಿ ಸುತ್ತಿ ಕೆಸರು ಮತ್ತು ಹಿಮ ದಾಟುತ್ತಿದ್ದುದನ್ನು ನೋಡಿ, ಅದರ ಬದಲು ಸರಪಳಿ ಮಾಡಿ 1904ರಲ್ಲಿ ಪೇಟೆಂಟ್ ಪಡೆದ. ಎಂಜಿನ್ನಿನ ಶಕ್ತಿ ಹೋಗುವ ಚಕ್ರಗಳಿಗೆ, ಎರಡೂ ಬದಿಗೆ ಇದನ್ನು ಹಾಕಬೇಕು. ನೂರು ಮಾರು ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ನಿಧಾನವಾಗಿಯೇ ಓಡಿಸಬೇಕು. ಡಾಂಬರು ಬಂದೊಡನೆ ಬಿಚ್ಚಬೇಕು. ಆದರೆ ಸರಪಳಿ ರಸ್ತೆಯನ್ನು ಬಗೆಯುತ್ತದೆ, ಆ ಗೀರಿನಲ್ಲೇ ಮಳೆನೀರು ಹರಿದು ರಸ್ತೆ ಹಳ್ಳವಾಗುತ್ತದೆ. ಪ್ರತಿದಿನ ಬಳಸುವ ವಸ್ತು ಇದಲ್ಲ.

ಕೊಳ್ಳುವಾಗ ನೋಡಬೇಕಾದ್ದು

ಟಯರಿನ ಬದಿಯಲ್ಲಿ ನಾಲ್ಕು ಅಂಕಿಯ ತಯಾರಿಕೆಯ ಗುರುತಿರುತ್ತದೆ. ಮೊದಲೆರಡು ವಾರ, ಕಡೆಯೆರಡು ವರ್ಷ: 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ. ಕಡಿಮೆ ಬೆಲೆಗೆ ಸಿಗುತ್ತದೆಂದು ವರ್ಷಗಟ್ಟಲೆ ಕುಳಿತ ದಾಸ್ತಾನು ಕೊಳ್ಳಬೇಡಿ. ಹಲ್ಲು ಸವೆಯದಿದ್ದರೂ ರಬ್ಬರು ಗಡುಸಾಗಿ ಬಿರಿಯುತ್ತದೆ. ಕಾಫಿ ಗಿಡದ ಕೊರಡು, ಕಲ್ಲು ತಗುಲುವ ಕಡೆ ಟಯರಿನ ಬದಿ ಗಟ್ಟಿಯಾಗಿರಬೇಕು. ಅದಕ್ಕಾಗಿ ಪ್ಲೈ ಲೆಕ್ಕವನ್ನೂ, ಹೊರಬಲ್ಲ ತೂಕವನ್ನೂ ಗಾಡಿಯ ಪುಸ್ತಕದೊಡನೆ ಹೋಲಿಸಿ ನೋಡಿ.

ಫೋರ್ ವೀಲ್ ಗಾಡಿಗೆ ನಾಲ್ಕೂ ಚಕ್ರಗಳಲ್ಲಿ ಒಂದೇ ಅಳತೆ, ಸುಮಾರು ಒಂದೇ ಸವೆತದ ಟಯರಿರಬೇಕು. ಇಲ್ಲವಾದರೆ ಗೇರಿನ ಪೆಟ್ಟಿಗೆಗೆ ಪೆಟ್ಟು. ಬರೀ ಹಿಂದಿನ ಚಕ್ರ ಎಳೆಯುವ ಪಿಕಪ್ಪಿಗೆ ಎರಡೇ ಹೊಸ ಟಯರು ತರುವ ಶಕ್ತಿಯಿದ್ದರೆ ಅವನ್ನು ಹಿಂದಕ್ಕೆ ಹಾಕಿ. ರೀಸೋಲ್ ಮಾಡಿಸಿದ ಟಯರು ಮುಂದಿನ ಚಕ್ರಕ್ಕೆ ಬೇಡ. ನಾಲ್ಕು ಚಕ್ರದ ಗಾಡಿಗೆ ಹಲ್ಲಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂದು ಕಾನೂನು. ಅದು ಡಾಂಬರಿನ ಮಾತು. ನಮ್ಮ ಕೆಸರಿಗೆ ಆ ಮಟ್ಟ ಮುಟ್ಟುವ ಬಹಳ ಮೊದಲೇ ಟಯರು ಕೆಲಸಕ್ಕೆ ಬಾರದಾಗಿರುತ್ತದೆ.

ವರ್ಷವಿಡೀ ಹೆಚ್ಚಾಗಿ ಡಾಂಬರಿನಲ್ಲೇ ಓಡುವ ಗಾಡಿಗೆ ಪೂರ್ತಿ ಕೆಸರಿನ ಟಯರು ಹಾಕುವುದೂ ಸರಿಯಲ್ಲ. ನೆನೆದ ಡಾಂಬರಿನಲ್ಲಿ ದೊಡ್ಡ ಹಲ್ಲಿನ ಟಯರು ನೆಲಕ್ಕೆ ಪೂರಾ ತಾಗದೆ, ಬ್ರೇಕ್ ಹಾಕಿದಾಗ ದೂರ ಜಾರುತ್ತದೆ. ಅಂಥವರು ಮಧ್ಯಮ ಹಲ್ಲಿನ ಟಯರಿನೊಡನೆ ಒಂದು ಜೊತೆ ಸರಪಳಿ ಇಟ್ಟುಕೊಳ್ಳುವುದೇ ಲೇಸು.

ಟಯರು ಮಾಡಲಾರದ್ದು

ಒಳ್ಳೆಯ ಟಯರು ಏರು ಹತ್ತಿಸೀತು; ಕೆಸರಿನ ಇಳಿಜಾರಿನಲ್ಲಿ ಹೊರೆಗಾಡಿಯನ್ನು ನಿಲ್ಲಿಸುತ್ತದೆಂಬ ಭರವಸೆಯಿಲ್ಲ. ಹತ್ತಿದ ಧೈರ್ಯದಲ್ಲೇ ಇಳಿಯುವವರಿಗೆ ಅಪಾಯ ಹೆಚ್ಚು. ಮೊದಲ ಗೇರಿನಲ್ಲಿ, ಬ್ರೇಕನ್ನು ಒಮ್ಮೆಲೇ ಒತ್ತದೆ ಇಳಿಯಬೇಕು. ಕಡಿದಾದ ಕಡೆ ಹೊರೆಯ ಮೇಲೆ ಜನರನ್ನು ಕೂರಿಸದೆ ಇಳಿಸಿ ನಡೆಸುವುದು ಮಾಲೀಕನ ಹೊಣೆ. ಚಾಲಕನ ತಲೆಗೆ ಕಟ್ಟುವಂಥದಲ್ಲ.

ಇನ್ನೊಂದು ಮಾತು. ನೀರು ನಿಲ್ಲದ ರಸ್ತೆಗೆ ಸಾಧಾರಣ ಟಯರೂ ಸಾಕು. ಚರಂಡಿ ಕಟ್ಟಿದ ರಸ್ತೆಗೆ ಎಂಥ ಟಯರೂ ಸಾಲದು. ಮೃಗಶಿರಾ ಮಳೆ ಹುಟ್ಟುವ ಮೊದಲು ಬದಿಯ ಚರಂಡಿ ಬಿಡಿಸಿ, ತಿರುವಿನಲ್ಲಿ ಜಲ್ಲಿ ಹಾಕಿಸಿ, ಆಮೇಲೆ ಟಯರಿನ ಅಂಗಡಿಗೆ ಹೋಗುವುದು ಕ್ರಮ. ಒಂದೇ ರಸ್ತೆ ಬಳಸುವ ನಾಲ್ಕು ಮನೆಯವರು ಕೂಡಿದರೆ ಒಂದು ದಿನದ ಕೆಲಸ.