ಮಹಾರಾಣಿ ಬೋಗಿ ಮೈಸೂರಿನಲ್ಲಿದೆ, ಗ್ಯಾಂಗ್‌ಮನ್ ಸುತ್ತಿಗೆ ಎಲ್ಲಿದೆ?

ರೈಲು ಅಂದರೆ ನಮಗೆಲ್ಲ ಹತ್ತೋದು, ಸೀಟು ಹಿಡಿಯೋದು, ಇಳಿಯೋದು. ಅಷ್ಟೇ. ಆದರೆ ರೈಲನ್ನು ಬರೀ ನೋಡೋದಕ್ಕೇ ಅಂತ ರಜೆ ಹಾಕಿ, ಕೈಯಿಂದ ದುಡ್ಡು ಕಳೆದು, ಊರೂರು ತಿರುಗುವವರೂ ಇದ್ದಾರೆ ಎಂದರೆ ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ನಂಬುವುದು ಕಷ್ಟ. ‘ಅವರಿಗೇನು ಬೇರೆ ಕೆಲಸ ಇಲ್ವಾ?’ ಅಂತ ಕೇಳಿಯಾರು!

ಕೆಲಸ ಇದೆ ಸ್ವಾಮಿ. ಡಾಕ್ಟರು, ಇಂಜಿನಿಯರು, ಮೇಷ್ಟ್ರು, ನಿವೃತ್ತ ರೈಲ್ವೆ ನೌಕರರು ಎಲ್ಲರೂ ಇದ್ದಾರೆ ಇವರಲ್ಲಿ. ಅಮೆರಿಕದಲ್ಲಿದ್ದ ಕೆಲವು ಭಾರತೀಯರು 1989ರಲ್ಲಿ ಶುರು ಮಾಡಿದ ಇಂಡಿಯನ್ ರೈಲ್ವೇಸ್ ಫ್ಯಾನ್ ಕ್ಲಬ್ ಇಂಥವರದೇ ಬಳಗ. ಇಂಥ ಬಳಗಗಳು ಸಮ್ಮೇಳನ ನಡೆಸುತ್ತವೆ. ಭಾಷಣ, ಹಳೇ ಫೋಟೋ ಪ್ರದರ್ಶನ, ಇಂಜಿನ್ ಷೆಡ್ಡಿಗೆ ಭೇಟಿ, ಕೊನೆಗೆ ಹಳೇ ಕಾಲದ ರೈಲಿನಲ್ಲಿ ಒಂದು ಸವಾರಿ. ಆ ಸವಾರಿಯ ತಮಾಷೆ ಕೇಳಿ. ದಾರಿ ಮಧ್ಯೆ ಎಲ್ಲರನ್ನೂ ಇಳಿಸಿ ರೈಲು ಹಿಂದಕ್ಕೆ ಹೋಗುತ್ತದೆ. ಆಮೇಲೆ ಹೊಗೆ ಉಗುಳುತ್ತಾ, ಸಿಳ್ಳೆ ಹಾಕುತ್ತಾ ಮತ್ತೆ ಮುಂದಕ್ಕೆ ಬರುತ್ತದೆ. ಕ್ಯಾಮೆರಾ ಹಿಡಿದವರ ಸಲುವಾಗಿಯೇ ಈ ಓಟ!

ನಗಬೇಡಿ. ಈ ಹುಚ್ಚಿನಿಂದಲೇ ಎಷ್ಟೋ ಹಳೇ ಇಂಜಿನ್‌ಗಳು ಗುಜರಿ ಸೇರದೆ ಉಳಿದಿವೆ. 1855ರಲ್ಲಿ ತಯಾರಾದ ‘ಫೇರಿ ಕ್ವೀನ್’ ಎಂಬ ಉಗಿ ಇಂಜಿನ್ 1997ರಲ್ಲಿ ದೆಹಲಿಯಿಂದ ಅಲ್ವಾರ್‌ಗೆ ಪ್ರವಾಸಿಗರನ್ನು ಎಳೆದುಕೊಂಡು ಹೋಯಿತು. ಊಟಿ ರೈಲಿಗೆ 2005ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು. ನಮ್ಮ ಸೀಮೆಯಿಂದ 1990ರ ದಶಕದಲ್ಲಿ ಕಿತ್ತುಹಾಕಿದ ಮೀಟರ್ ಗೇಜ್ ಹಳಿಯ ಮೇಲೆಯೇ ಆ ರೈಲು ಇವತ್ತಿಗೂ ಘಾಟಿ ಹತ್ತುತ್ತಿದೆ. ನಾವು ಬೇಡ ಅಂದದ್ದನ್ನೇ ಅಲ್ಲಿ ಕ್ಯೂ ನಿಂತು ಟಿಕೆಟ್ ತಗೊಂಡು ನೋಡಿ ಬರುತ್ತೇವೆ!

ಬರದಲ್ಲಿ ಹುಟ್ಟಿದ ಹಳಿ

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಇವರಿಗೆ ನೋಡೋಕೆ ಏನಿದೆ? ಬೇಕಾದಷ್ಟಿದೆ. ಬೆಂಗಳೂರು–ಮೈಸೂರು ದಾರಿಯನ್ನೇ ತಗೊಳ್ಳಿ. 138 ಕಿಲೋಮೀಟರಿನ ಈ ಹಳಿ 1882ರ ಹೊತ್ತಿಗೆ ಮೈಸೂರು ಮುಟ್ಟಿತು. ಹಳಿಯ ನಡುವಿನ ಅಗಲ ಒಂದೇ ಮೀಟರು. ಅಗಲ ಕಮ್ಮಿಯಾದರೆ ಖರ್ಚೂ ಕಮ್ಮಿ ಎಂಬ ಲೆಕ್ಕ. ಈಗಿನ ಬ್ರಾಡ್ ಗೇಜ್ ಅಗಲ 1,676 ಮಿಲಿಮೀಟರು.

ಇದರ ಮಣ್ಣು ಹೊತ್ತವರು ಯಾರು? ಬರದಲ್ಲಿ ಹಸಿದು ಬಂದ ಜನ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ನುಂಗಿದ ಧಾತು–ಈಶ್ವರ ಸಂವತ್ಸರದ ಬರದ ಕಥೆಯನ್ನು ಅಜ್ಜಿಯಂದಿರ ಬಾಯಲ್ಲಿ ಕೇಳಿದವರು ಈಗಲೂ ಇದ್ದಾರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷದಷ್ಟು ಕುಗ್ಗಿತು! ಆ ಹೊತ್ತಿನಲ್ಲಿ ಸರ್ಕಾರ ಹಚ್ಚಿದ ಪರಿಹಾರ ಕಾಮಗಾರಿಗಳಲ್ಲಿ ಈ ರೈಲು ದಾರಿಯ ಮಣ್ಣಿನ ಕೆಲಸವೂ ಒಂದು. ಹೊಟ್ಟೆಗಾಗಿ ಮಂಕರಿ ಹೊತ್ತವರ ಬೆವರಿನ ಮೇಲೆ ಇವತ್ತು ನಮ್ಮ ರೈಲು ಓಡುತ್ತಿದೆ. ಅವರ ಹೆಸರು ಬಲ್ಲವರು ಯಾರು?

ಎರಡನೇ ದಾರಿ ನಮ್ಮ ಕೆ.ಆರ್.ಪೇಟೆ ತಾಲ್ಲೂಕಿನದೇ. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಹೋಗುವ ಈ ಹಳಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಕಾಲದ್ದು. ತಾಲ್ಲೂಕು ಕೇಂದ್ರಕ್ಕೆ ರೈಲು ಇಲ್ಲ ಅನ್ನೋ ಗೊಣಗಾಟ ಇದ್ದದ್ದೇ. ಆದರೆ ಅಕ್ಕಿಹೆಬ್ಬಾಳು, ಮಂದಗೆರೆಗಳಿಗೆ ರೈಲು ಬಂದು ನೂರು ವರ್ಷ ದಾಟಿತು. ಇತ್ತ ನಾಗಮಂಗಲದವರು ಬಿ.ಜಿ.ನಗರದಲ್ಲಿ ರೈಲು ಕಂಡು, ಬೆಂಗಳೂರಿನಿಂದ ಹಾಸನದವರೆಗೆ ನೇರ ಹಳಿ ಆದದ್ದು 2017ರಲ್ಲಿ. ಕಿಕ್ಕೇರಿ ಬಳಿಯ ಗೋವಿಂದನಹಳ್ಳಿ ಈ ಎರಡು ಹಳಿಗಳ ಮಧ್ಯೆ ಕೂತಿದೆ. ಒಂದು ಕಡೆ ವಿಶ್ವೇಶ್ವರಯ್ಯನವರ ಕಾಲದ ದಾರಿ, ಇನ್ನೊಂದು ಕಡೆ ನಿನ್ನೆ ಮೊನ್ನೆಯ ದಾರಿ.

ಕಟ್ಟಡ ಸರಿಸಿದ ಊರು

ಶ್ರೀರಂಗಪಟ್ಟಣದಲ್ಲಿ ನಡೆದದ್ದಂತೂ ರೈಲು ಪ್ರಿಯರು ಬಾಯಿ ಚಪ್ಪರಿಸಿ ಹೇಳುವ ಕಥೆ. ಜೋಡಿ ಹಳಿ ಹಾಕೋಕೆ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಕೆಡವೋ ಹಾಗಿಲ್ಲ, ಹಳಿ ಬಿಡೋ ಹಾಗೂ ಇಲ್ಲ. ಕೆಲಸ ವರ್ಷಗಟ್ಟಲೆ ನಿಂತಿತು. ಕೊನೆಗೆ 2017ರಲ್ಲಿ ಅಮೆರಿಕದ ಕಂಪನಿಯೊಂದರ ನೆರವಿನಿಂದ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ಕಬ್ಬಿಣದ ತೊಲೆಗಳ ಮೇಲೆ ಕೂರಿಸಿ, ನೂರು ಮೀಟರಿನಷ್ಟು ಆಚೆಗೆ ಸರಿಸಿಬಿಟ್ಟರು! ಗೋಡೆ ಗಟ್ಟಿ ಉಳಿಯಿತು, ಹಳಿಗೂ ಜಾಗ ಸಿಕ್ಕಿತು. ಮನಸ್ಸಿದ್ದರೆ ಹಳೆಯದನ್ನೂ ಉಳಿಸಬಹುದು, ಹೊಸದನ್ನೂ ತರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಾವಿರ ಟನ್ನಿನ ಕಟ್ಟಡ ಉಳಿಸಿದವರಿಗೆ ನಾಲ್ಕು ಕಿಲೋ ಸಾಮಾನು ಉಳಿಸೋದು ಭಾರವೇ?

ನಾಲ್ಕು ಕಿಲೋ ಅಂದರೆ ಯಾವುದು? ಸ್ಟೇಷನ್ನಿನಲ್ಲಿ ಗಂಟೆ ಅಂತ ತೂಗುಹಾಕಿದ್ದ ಹಳಿ ತುಂಡು. ರಟ್ಟಿನ ಪುಟ್ಟ ಟಿಕೆಟ್ಟಿಗೆ ‘ಖಟ್’ ಅಂತ ತಾರೀಖು ಒತ್ತುತ್ತಿದ್ದ ಯಂತ್ರ. ಗೇಟಿನ ಕೆಂಪು ದೀಪ. ಡ್ರೈವರನ ಕೈಗೆ ಬೆತ್ತದ ಬಳೆಯಲ್ಲಿ ಸಿಕ್ಕಿಸಿ ಕೊಡುತ್ತಿದ್ದ ಲೋಹದ ಚೆಂಡು. ಈ ಚೆಂಡಿಗೆ ಟೋಕನ್ ಅಂತ ಹೆಸರು. ಒಂಟಿ ಹಳಿಯಲ್ಲಿ ಟೋಕನ್ ಕೈಗೆ ಬರದೆ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಗಾಡಿ ಬಿಡುವ ಹಾಗಿಲ್ಲ. ಅಲ್ಲಿ ಅದನ್ನು ಯಂತ್ರಕ್ಕೆ ಹಾಕುವ ತನಕ ಎರಡನೇ ಟೋಕನ್ ಹೊರಗೆ ಬರೋದೇ ಇಲ್ಲ. ಎದುರುಬದುರು ಡಿಕ್ಕಿಯಾಗದೆ ಸಾವಿರಾರು ಜೀವ ಕಾಪಾಡಿದ ಚೆಂಡು ಅದು. ಇವತ್ತಿನ ಹುಡುಗರು ನೋಡಿದರೆ ಆಟದ ಸಾಮಾನು ಅಂದಾರು.

ಇನ್ನು ಗ್ಯಾಂಗ್‌ಮನ್‌ಗಳು. ಇವರಲ್ಲಿ ನಮ್ಮ ಹಳ್ಳಿಗಳ ಗಂಡಸರೇ ಎಷ್ಟೋ ಜನ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರು, ಕೈಯಲ್ಲಿ ಕೆಂಪು ಹಸಿರು ಬಾವುಟ ಹಿಡಿದು ದಿನಾ ಮೈಲಿಗಟ್ಟಲೆ ಹಳಿ ಮೇಲೆ ನಡೆದು, ಸಡಿಲವಾದ ಕೀಲಿ ಬಡಿದು ಬಿಗಿ ಮಾಡಿದವರು. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಗಸ್ತು ತಿರುಗಿದವರು. ಹಳಿ ಕೊಚ್ಚಿಹೋಗಿದ್ದರೆ ಮುಂದೆ ಓಡಿ ಹಳಿ ಮೇಲೆ ಪಟಾಕಿ ಕಟ್ಟಬೇಕು. ಚಕ್ರ ಹತ್ತಿ ‘ಢಂ’ ಅಂದಾಗ ಡ್ರೈವರು ಬ್ರೇಕ್ ಹಾಕುತ್ತಾನೆ. ಈ ಕೆಲಸ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಜೊತೆ ಅವರ ಕಥೆಯೂ ಮಣ್ಣು ಸೇರುತ್ತಿದೆ.

ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ಮ್ಯೂಸಿಯಂ ನೋಡಿದ್ದೀರಿ ತಾನೆ? ಮಹಾರಾಣಿಯವರ ಸಲೂನ್ ಬೋಗಿ, ಅದರೊಳಗಿನ ಅಡುಗೆ ಮನೆ, ಊಟದ ಕೋಣೆ, ಹಳಿ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರು ಎಲ್ಲ ಇವೆ. ಖಂಡಿತ ನೋಡಬೇಕಾದ್ದೇ. ಆದರೆ ಒಂದು ಮಾತು. ಮಹಾರಾಣಿ ಕೂತ ಬೋಗಿಗೆ ಒಂದು ಮಂಟಪ ಸಿಕ್ಕಿತು. ಹಳಿ ಕಾದವನ ಸುತ್ತಿಗೆಗೆ ಅವನು ದುಡಿದ ಊರಿನಲ್ಲೇ ಒಂದು ಗೂಡು ಸಿಗಬಾರದೇ?

ಆಗದ ಮಾತೇನಲ್ಲ

ಶಂಕರನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿನ ಹಳೇ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಅಲ್ಲಿಗೆ ಜನ ಹೋಗುತ್ತಾರೆ, ಟೀ ಕುಡಿಯುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಅಂಗಡಿಯವನಿಗೂ ನಾಲ್ಕು ಕಾಸು. ನಮ್ಮ ಅಕ್ಕಿಹೆಬ್ಬಾಳಿನಲ್ಲಿ ಒಂದು ಕೋಣೆ ಬಿಟ್ಟುಕೊಟ್ಟರೆ ಸಾಕು. ಮೈಸೂರು ಮ್ಯೂಸಿಯಂ ನೋಡಿದ ರೈಲು ಪ್ರಿಯರನ್ನು ವರ್ಷಕ್ಕೊಂದು ಭಾನುವಾರ ವಿಶೇಷ ಗಾಡಿಯಲ್ಲಿ ಇಲ್ಲಿಗೆ ಕರೆತಂದರೆ, ಅಲ್ಲಿಂದ ಬಸ್ಸಿನಲ್ಲಿ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನನ್ನೂ ನೋಡಿಯಾರು. ಸಾಲಾಗಿ ಐದು ಗರ್ಭಗುಡಿ ಇರುವ 13ನೇ ಶತಮಾನದ ಹೊಯ್ಸಳ ದೇಗುಲ ಅದು. ಬೇಲೂರು ಹಳೇಬೀಡಿಗೆ ಹೋಗುವವರು ಇದರ ಕಡೆ ತಿರುಗುವುದು ಅಪರೂಪ. 2008ರಲ್ಲಿ ಶುರುವಾದ ಸುವರ್ಣ ರಥದಂಥ ಐಷಾರಾಮಿ ರೈಲಿನ ಟಿಕೆಟ್ ನಮ್ಮ ನಿಮ್ಮ ಕೈಗೆ ಎಟಕೋದಲ್ಲ. ನಮಗೆ ಬೇಕಾದ್ದು ಸಾಮಾನ್ಯ ಟಿಕೆಟ್ಟಿನ ಗಾಡಿ.

ಮೊದಲು ಆಗಬೇಕಾದ್ದು ಗುಜರಿ ಹರಾಜಿಗೆ ಮುಂಚೆ ಒಂದು ಪಟ್ಟಿ. ಪಾಂಡವಪುರ, ಶ್ರೀರಂಗಪಟ್ಟಣ, ಅಕ್ಕಿಹೆಬ್ಬಾಳು, ಮಂದಗೆರೆ ಸ್ಟೇಷನ್‌ಗಳಲ್ಲಿ ಹಳೆಯದು ಏನೇನು ಉಳಿದಿದೆ ಅಂತ ರೈಲ್ವೆ ಇಲಾಖೆ ಬರೆದಿಡಲಿ. ಹೈಸ್ಕೂಲು ಮೇಷ್ಟ್ರುಗಳು ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ನಿವೃತ್ತ ಗ್ಯಾಂಗ್‌ಮನ್, ಗೇಟ್‌ಮನ್‌ಗಳ ಮನೆಗೆ ಕಳಿಸಲಿ. ಇದಕ್ಕೆ ಬಜೆಟ್ಟೂ ಬೇಡ, ಟೆಂಡರೂ ಬೇಡ. ಅಜ್ಜಂದಿರು ಇರುವಾಗಲೇ ಕೇಳಿಕೊಳ್ಳಬೇಕು, ಅಷ್ಟೇ. ಜಿಲ್ಲೆಯ ಜನಪ್ರತಿನಿಧಿಗಳು, ಅಧಿಕಾರಿಗಳು ಇತ್ತ ಒಂದಿಷ್ಟು ಕಣ್ಣು ಹಾಯಿಸುವರೇ?