‘ಮೊದಲು ಸಂಪತ್ತು, ಆಮೇಲೆ ಹವಾಮಾನ’ ಎಂಬ ತಪ್ಪು ಲೆಕ್ಕ

ಬೆಂಗಳೂರಿನ ನಮ್ಮ ಬೀದಿಗೆ ಸೊಪ್ಪು ತರುವ ಅಜ್ಜಿ ಬೇಸಿಗೆಯಲ್ಲಿ ಗೋಣಿಚೀಲ ನೆನೆಸಿ ಬುಟ್ಟಿಗೆ ಹೊದಿಸಿಕೊಂಡು ಬರುತ್ತಾರೆ. ನಿಂತಲ್ಲೆಲ್ಲ ಅದರ ಮೇಲೆ ನೀರು ಚಿಮುಕಿಸುತ್ತಾರೆ. 2024ರ ಏಪ್ರಿಲ್‌ನಲ್ಲಿ ಆ ನೀರಿಗೂ ತತ್ವಾರ. ಒಂದು ದಿನ ದಂಟಿನ ಸೊಪ್ಪಿನ ಕಟ್ಟು ಬಿಚ್ಚಿದರೆ ಒಳಗಿನ ಎಲೆ ಬೇಯಿಸಿದಂತೆ ಮೆತ್ತಗಾಗಿತ್ತು. “ಹನ್ನೊಂದು ಗಂಟೆ ದಾಟಿದ್ರೆ ಇದು ನಿಮಗಲ್ಲ ಕಣಪ್ಪ, ದನಕ್ಕೆ” ಅಂದರು. ಮುಂಚೆ ಮಧ್ಯಾಹ್ನ ಎರಡರವರೆಗೂ ವ್ಯಾಪಾರ ಆಗುತ್ತಿತ್ತಂತೆ.

‘ದೇಶ ಮೊದಲು ಶ್ರೀಮಂತವಾಗಲಿ, ಹವಾಮಾನದ ಚಿಂತೆ ಆಮೇಲೆ’ ಎನ್ನುವವರಿಗೆ ನಾನು ಈ ಅಜ್ಜಿಯ ಮೂರು ಗಂಟೆಯ ಕಥೆ ಹೇಳುತ್ತೇನೆ. ಆ ಮಾತಿನ ಹಿಂದೆ ಬಡತನ ಉಂಡವರ ಆತಂಕವಿದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಸಂಪತ್ತು ಹುಟ್ಟುವುದು ದುಡಿಯುವ ಮೈಯಿಂದ, ಸೆಕೆ ಮೊದಲು ಹಿಂಡುವುದೂ ಅದೇ ಮೈಯನ್ನು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ ವರದಿಯ ಪ್ರಕಾರ, 1995ರಲ್ಲಿ ಭಾರತ ಸೆಕೆಯಿಂದ ಕಳೆದುಕೊಂಡದ್ದು ಒಟ್ಟು ದುಡಿಮೆಯ ಅವಧಿಯ ಶೇ 4.3. ಅದು 2030ರ ಹೊತ್ತಿಗೆ ಶೇ 5.8 ಆಗಲಿದೆ. ಅಂದರೆ 3.4 ಕೋಟಿ ಪೂರ್ಣಾವಧಿ ಕೆಲಸಗಳಷ್ಟು ನಷ್ಟ. ಹೊಲದಲ್ಲಿ, ಕಟ್ಟಡದ ಸಾರುವೆಯ ಮೇಲೆ ನಿಂತವರೇ ಇದರಲ್ಲಿ ಹೆಚ್ಚು.

‘ನಮ್ಮದು ತಂಪು ಊರು, ನಮಗೇನಾಗುತ್ತದೆ?’ ಎಂಬುದು ಬೆಂಗಳೂರಿಗರ ಮುದ್ದಿನ ನಂಬಿಕೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ ನಮಗೆ ಕೊಟ್ಟ ವರ ಅದು. ಆದರೂ 2024ರ ಏಪ್ರಿಲ್ 28ರಂದು ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಅಶ್ವಿನಿ ಮಳೆ ಪೂರಾ ಕೈಕೊಟ್ಟಿತ್ತು. ಅದಕ್ಕೂ ಮುಂಚೆ, ಮಾರ್ಚ್‌ನಲ್ಲೇ, ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು. ಆಮೇಲೆ ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಮಳೆ! ನೂರಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಜೂನ್ ತಿಂಗಳ ಯಾವ ದಿನವೂ ಅಷ್ಟು ಸುರಿದಿರಲಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ನೆಲದ ತೇವ ಬೇಗ ಹೀರುತ್ತದೆ, ಸುರಿಯುವಾಗ ಧೋ ಎಂದು ಸುರಿಯುತ್ತದೆ. ಒಂದೊಂದು ಮಳೆಯನ್ನೂ ಹವಾಮಾನ ಬದಲಾವಣೆಯ ಖಾತೆಗೆ ಬರೆಯಲಾಗದು ನಿಜ. ಒಟ್ಟಾರೆ ವಾಲಿಕೆ ಮಾತ್ರ ಇದೇ.

ಇದನ್ನು ಹೇಳಿದರೆ, ‘ಪ್ರವಾಹಕ್ಕೆ ಕಾರಣ ರಾಜಕಾಲುವೆ ಒತ್ತುವರಿ, ಹವಾಮಾನ ಬರೀ ನೆಪ’ ಎಂಬ ಉತ್ತರ ಬರುತ್ತದೆ. ಅದು ಅರ್ಧ ಸತ್ಯ. ನಮ್ಮ ಹಿರಿಯರು ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುವಂತೆ ಸರಮಾಲೆ ಕಟ್ಟಿದ್ದರು. ಆ ಸರವನ್ನು ಅಲ್ಲಲ್ಲಿ ತುಂಡರಿಸಿ ಮನೆ, ಕಚೇರಿ ಕಟ್ಟಿದವರು ನಾವು. ಕಾಲುವೆ ಕಿರಿದಾಗುತ್ತಿದ್ದ ಕಾಲದಲ್ಲೇ ಮಳೆಯ ರಭಸ ಏರಿತು. ಒಂದನ್ನೊಂದು ಮರೆಮಾಚಲು ಬಳಸಬಾರದು. 2022ರಲ್ಲಿ ಬೆಳ್ಳಂದೂರು ಸುತ್ತ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಆಗಸ್ಟ್ 30ರ ಒಂದೇ ದಿನದ ನೀರಿನಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ದೇಶದ ಸಂಪತ್ತೂ ಊರಿನ ಚರಂಡಿಯೂ ಬೇರೆಬೇರೆ ಎಂದುಕೊಂಡವರು ಆ ಪತ್ರ ಓದಬೇಕು.

‘ಇಂಗಾಲ ಇಳಿಸಿದರೆ ಅಭಿವೃದ್ಧಿ ನಿಲ್ಲುತ್ತದೆ’ ಎಂಬುದಕ್ಕೆ ಬ್ರಿಟನ್ ಉತ್ತರ ಕೊಟ್ಟಾಗಿದೆ. 1990ರಿಂದ 2022ರೊಳಗೆ ಅದರ ಹೊರಸೂಸುವಿಕೆ ಅರ್ಧಕ್ಕಿಳಿಯಿತು, ಆರ್ಥಿಕತೆ ಸುಮಾರು ಶೇ 80ರಷ್ಟು ಬೆಳೆಯಿತು. ಕೆಲವು ಕಾರ್ಖಾನೆಗಳು ಬೇರೆ ದೇಶಕ್ಕೆ ಹೋದದ್ದೂ ಇದೆ, ಆದರೆ ದೊಡ್ಡ ಇಳಿಕೆ ಬಂದದ್ದು ಕಲ್ಲಿದ್ದಲ ವಿದ್ಯುತ್ ಬಿಟ್ಟದ್ದರಿಂದ. ನಮ್ಮಲ್ಲೇ ಪಾವಗಡವಿದೆ: ಮಳೆ ನಂಬಲಾಗದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್. ಆರಂಭದಲ್ಲಿ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ನಿಗದಿಯಾಗಿತ್ತು. ಭೂಮಿಯಿಲ್ಲದ ಕೂಲಿಯವರಿಗೆ ಅದರಲ್ಲಿ ಪಾಲಿರಲಿಲ್ಲ, ಆ ಕೊರತೆ ಮುಂದಿನ ಯೋಜನೆಗಳಲ್ಲಾದರೂ ತುಂಬಬೇಕು.

‘ಎಸಿ ಹಾಕಿಸಿಕೊಂಡರೆ ಮುಗೀತು’ ಎಂಬುದು ನನಗೆ ಎಲ್ಲಕ್ಕಿಂತ ನೋವು ಕೊಡುವ ನಂಬಿಕೆ. ಎಸಿ ಸೆಕೆಯನ್ನು ಕೊಲ್ಲುವುದಿಲ್ಲ, ಒಳಗಿನದನ್ನು ಬೀದಿಗೆ ತಳ್ಳುತ್ತದೆ. ನಮ್ಮ ರಸ್ತೆಯ ಕೊನೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಯಾದಗಿರಿ ಕಡೆಯ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿವೆ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಆ ತಗಡು ಮುಟ್ಟಿದರೆ ಬಿಸಿ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಎಂ-ಸ್ಯಾಂಡ್ ರಾಶಿಯ ಮೇಲೆ ಚಾಪೆ ಹಾಸುತ್ತಾರೆ. ನಿದ್ದೆಗೆಟ್ಟ ಮೈ ಬೆಳಿಗ್ಗೆ ಮತ್ತೆ ಇಟ್ಟಿಗೆ ಹೊರಬೇಕು.

2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ನೂರಾರು ಜನರನ್ನು ಕಳೆದುಕೊಂಡ ಅಹಮದಾಬಾದ್, 2013ರಲ್ಲಿ ಸೆಕೆ ಎದುರಿಸುವ ಯೋಜನೆ ತಂದಿತು. ಮುನ್ನೆಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರು. ಮುಂದೆ ಬಡವರ ಮನೆಗಳ ಚಾವಣಿಗೆ ಬಿಸಿಲು ಹಿಂದಕ್ಕೆ ಚಿಮ್ಮಿಸುವ ಬಿಳಿ ಸುಣ್ಣ. ನಮ್ಮ ರಸ್ತೆಯ ಕೊನೆಯಲ್ಲಿರುವುದು ಹನ್ನೆರಡು ಶೆಡ್ಡು. ಅವುಗಳ ತಗಡಿಗೆ ಬಿಳಿ ಬಳಿಯಲು ಒಂದು ಭಾನುವಾರ ಸಾಕು.